ಚಿನ್ನದ ಚಿನ್ನತನ

ಕೆಲವು ತಿಂಗಳ ಹಿಂದೆ ಮನೆಯ ಹಳೆಯದೊಂದು ಕಡಗವನ್ನು ಕರಗಿಸಿ ಬೇರೆ ಒಡವೆ ಮಾಡಿಸುವ ಮಾತು ಬಂದು, ನಾನೂ ಆಭರಣದ ಅಂಗಡಿಗೆ ಹೋಗಿದ್ದೆ. ನಾನು ಹುಡುಗನಾಗಿದ್ದಾಗ ಇಂಥ ಸಂದರ್ಭದಲ್ಲಿ ಅಕ್ಕಸಾಲಿಗರು ಕರಿಯ ಒರೆಗಲ್ಲನ್ನು ತೆಗೆದು, ಒಡವೆಯನ್ನು ಅದರ ಮೇಲೆ ಒಮ್ಮೆ ಎಳೆದು, ಮೂಡಿದ ಗೆರೆಗೆ ಒಂದು ತೊಟ್ಟು ದ್ರಾವಕ ಸೋಕಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಈ ಅಂಗಡಿಯವರು ಅದೊಂದನ್ನೂ ಮಾಡಲಿಲ್ಲ. ಕಡಗವನ್ನು ಪೆಟ್ಟಿಗೆಯಂಥ ಒಂದು ಯಂತ್ರದೊಳಗಿಟ್ಟು ಮುಚ್ಚಳ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಅದರಲ್ಲಿ ಚಿನ್ನವೆಷ್ಟು, ಬೆಳ್ಳಿಯೆಷ್ಟು, ತಾಮ್ರವೆಷ್ಟು ಎಂಬ ಅಂಕಿಗಳು ಪರದೆಯ ಮೇಲೆ ಮೂಡಿದವು. ಉಜ್ಜಲಿಲ್ಲ, ಕರಗಿಸಲಿಲ್ಲ, ಗುಲಗಂಜಿಯಷ್ಟೂ ಸವೆಸಲಿಲ್ಲ. ಚಿನ್ನದ ಯಾವ ಗುಣವನ್ನು ಕಂಡು ಆ ಯಂತ್ರ ಇದು ಚಿನ್ನವೆಂದು ಗುರುತಿಸಿತು? ಮನೆಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ಈ ಪ್ರಶ್ನೆ ನನ್ನನ್ನು ಕಾಡಿತು. ಅದರ ಉತ್ತರವನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಚಿನ್ನ ಮತ್ತು ಒಡವೆಗಳ ದೃಷ್ಟಾಂತ ನಮ್ಮಲ್ಲಿ ಬಹಳ ಹಳೆಯದು. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕ ಆರುಣಿ ತನ್ನ ಮಗ ಶ್ವೇತಕೇತುವಿಗೆ ಉಪದೇಶ ಮಾಡುವಾಗ ಮಣ್ಣು, ಚಿನ್ನ, ಕಬ್ಬಿಣಗಳ ಉದಾಹರಣೆಗಳನ್ನು ಕೊಡುತ್ತಾನೆ. ಬಳೆ, ಉಂಗುರ, ಸರ ಎಂಬ ಹೆಸರುಗಳೂ ರೂಪಗಳೂ ಬೇರೆಬೇರೆಯಾದರೂ ಅವುಗಳೊಳಗಿನ ಸತ್ಯ ಚಿನ್ನವೊಂದೇ ಎಂಬುದು ಅಲ್ಲಿಯ ತಾತ್ಪರ್ಯ. ವಿಜ್ಞಾನದ ವಿದ್ಯಾರ್ಥಿ ಇದನ್ನು ಒಪ್ಪಿಕೊಂಡು ಇನ್ನೊಂದು ಮೆಟ್ಟಿಲು ಕೆಳಗಿಳಿದು ಕೇಳುತ್ತಾನೆ: ಕಡಗದ ಸತ್ಯ ಚಿನ್ನವಾದರೆ, ಚಿನ್ನದ ಸತ್ಯ ಯಾವುದು? ಹಳದಿ ಬಣ್ಣವೆ? ಅರಿಯದವರನ್ನು ಮೋಸಗೊಳಿಸುವ ಕಬ್ಬಿಣದ ಪೈರೈಟೀಸ್ ಅದಿರೂ ಹಳದಿಯೇ. ತೂಕವೆ? ಟಂಗ್‌ಸ್ಟನ್ ಲೋಹ ಗಾತ್ರಕ್ಕೆ ಗಾತ್ರ ಹೆಚ್ಚುಕಡಮೆ ಚಿನ್ನದಷ್ಟೇ ತೂಗುತ್ತದೆ. ತುಕ್ಕು ಹಿಡಿಯದಿರುವುದೆ? ಪ್ಲಾಟಿನಮ್ಮಿಗೂ ಆ ಹಿರಿಮೆಯುಂಟು. ಹಾಗಾದರೆ ಚಿನ್ನದ ಚಿನ್ನತನ ಎಲ್ಲಿ ಅಡಗಿದೆ?

ಇದಕ್ಕೆ ಉತ್ತರವಾಗಬಲ್ಲ ಒಂದು ನಿಜಕಥೆಯಿದೆ.

1940ರ ಏಪ್ರಿಲ್ 9ರಂದು ಜರ್ಮನಿಯ ಸೈನ್ಯ ಡೆನ್ಮಾರ್ಕನ್ನು ಹೊಕ್ಕಿತು. ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ, ಸುರಕ್ಷಿತವಾಗಿರಲೆಂದು ಜರ್ಮನಿಯ ಇಬ್ಬರು ವಿಜ್ಞಾನಿಗಳು ಒಪ್ಪಿಸಿದ್ದ ಎರಡು ನೊಬೆಲ್ ಪದಕಗಳಿದ್ದವು. ಒಂದು 1914ರ ಸಾಲಿನ ಬಹುಮಾನ ಪಡೆದಿದ್ದ ಮಾಕ್ಸ್ ಫಾನ್ ಲೌವೆ ಅವರದು. ಇನ್ನೊಂದು 1925ರ ಸಾಲಿನದು, ಜೇಮ್ಸ್ ಫ್ರಾಂಕ್ ಅವರದು. ಇಪ್ಪತ್ತಮೂರು ಕ್ಯಾರಟ್ ಚಿನ್ನದ, ಒಂದೊಂದೂ ಸುಮಾರು 200 ಗ್ರಾಮ್ ತೂಗುವ ಪದಕಗಳು. ಯೆಹೂದ್ಯರಾದ ಫ್ರಾಂಕ್ ಅಷ್ಟರಲ್ಲೇ ಅಮೆರಿಕ ಸೇರಿದ್ದರು. ಲೌವೆ ಜರ್ಮನಿಯಲ್ಲಿಯೇ ಉಳಿದಿದ್ದರು. ಆಗ ಆ ದೇಶದಿಂದ ಚಿನ್ನವನ್ನು ಹೊರಗೆ ಸಾಗಿಸುವುದು ಘೋರವಾದ ಅಪರಾಧ. ಪದಕದ ಮೇಲೆ ಹೆಸರು ಕೊರೆದಿತ್ತು. ಅದು ಸೈನಿಕರ ಕೈಗೆ ಸಿಕ್ಕಿದ್ದರೆ ಲೌವೆ ಅವರ ತಲೆಗೇ ಬರುತ್ತಿತ್ತು.

ಆ ಸಂಸ್ಥೆಯಲ್ಲಿ ಜಾರ್ಜ್ ಹೆವೆಶಿ ಎಂಬ ಹಂಗೆರಿಯ ರಸಾಯನವಿಜ್ಞಾನಿ ಕೆಲಸ ಮಾಡುತ್ತಿದ್ದರು. ಪದಕಗಳನ್ನು ನೆಲದಲ್ಲಿ ಹೂಳೋಣವೆಂದರು ಹೆವೆಶಿ. ಅಗೆದು ತೆಗೆದಾರೆಂದು ಬೋರ್ ಒಪ್ಪಲಿಲ್ಲ. ಕೊನೆಗೆ ಹೆವೆಶಿ ಅವನ್ನು ಕರಗಿಸಿಬಿಡಲು ನಿರ್ಧರಿಸಿದರು. ನೈಟ್ರಿಕ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲಗಳನ್ನು ಬೆರೆಸಿದ ದ್ರಾವಕವೊಂದುಂಟು. ಲೋಹಗಳ ರಾಜನಾದ ಚಿನ್ನವನ್ನೂ ಕರಗಿಸುವುದರಿಂದ ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಆಕ್ವಾ ರೀಜಿಯಾ, ಅಂದರೆ ರಾಜಜಲ, ಎಂಬ ಹೆಸರು. ಹೊರಗೆ ಬೀದಿಯಲ್ಲಿ ಸೈನ್ಯ ನಡೆದು ಬರುತ್ತಿರುವಾಗ ಒಳಗೆ ಹೆವೆಶಿ ಪದಕಗಳನ್ನು ಆ ದ್ರಾವಕದಲ್ಲಿ ಕರಗಿಸುತ್ತಿದ್ದರು. ಚಿನ್ನ ಸುಲಭವಾಗಿ ಕರಗುವ ವಸ್ತುವಲ್ಲ. ಕೆಲಸ ನಿಧಾನವಾಗಿ ಸಾಗಿತು. ಕೊನೆಗೆ ಉಳಿದದ್ದು ಕಿತ್ತಳೆ ಬಣ್ಣದ ದ್ರವ. ಅದನ್ನು ಇತರ ಸೀಸೆಗಳ ನಡುವೆ ಇಟ್ಟರು. ಸಂಸ್ಥೆಯನ್ನು ಶೋಧಿಸಿದವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಈಗ ಯೋಚಿಸಿ. ಆ ಸೀಸೆಯಲ್ಲಿದ್ದುದು ಚಿನ್ನವೆ? ಚಿನ್ನದ ಹೊಳಪಿಲ್ಲ, ಗಟ್ಟಿತನವಿಲ್ಲ, ಬಡಿದರೆ ತಗಡಾಗುವ ಗುಣವಿಲ್ಲ. ಚಿನ್ನವೆಂದು ಗುರುತಿಸಲು ನಾವು ನೆಚ್ಚಿಕೊಂಡ ಲಕ್ಷಣಗಳೆಲ್ಲ ಅಳಿಸಿಹೋಗಿವೆ. ಆದರೂ ಅದು ಚಿನ್ನವೇ. ಯಾವ ಅರ್ಥದಲ್ಲಿ ಎಂಬುದನ್ನು ತಿಳಿಯಲು ಪರಮಾಣುವಿನ ಒಳಹೊಕ್ಕು ನೋಡಬೇಕು.

ಪರಮಾಣುವಿನ ನಡುವೆ ಅತ್ಯಲ್ಪ ಗಾತ್ರದ ಬೀಜವೊಂದಿದೆ. ಇದನ್ನು 1911ರಲ್ಲಿ ಮ್ಯಾಂಚೆಸ್ಟರಿನಲ್ಲಿ ತೋರಿಸಿಕೊಟ್ಟವರು ಅರ್ನೆಸ್ಟ್ ರುದರ್‌ಫರ್ಡ್. ಚಿನ್ನದ ಪರಮಾಣುವಿನ ಬೀಜವನ್ನು ಒಂದು ಸಾಸಿವೆ ಕಾಳೆಂದುಕೊಂಡರೆ ಇಡೀ ಪರಮಾಣು ದೊಡ್ಡ ದೇವಾಲಯದ ಪ್ರಾಂಗಣದಷ್ಟಾದೀತು. ಪರಮಾಣುವಿನ ತೂಕವೆಲ್ಲ ಬಹುಮಟ್ಟಿಗೆ ಆ ಸಾಸಿವೆಯಲ್ಲೇ ಇದೆ. ಅದರಲ್ಲಿ ಎರಡು ಬಗೆಯ ಕಣಗಳು: ಧನ ವಿದ್ಯುತ್ತನ್ನು ಹೊತ್ತ ಪ್ರೋಟಾನುಗಳು, ವಿದ್ಯುತ್ತೇ ಇಲ್ಲದ ನ್ಯೂಟ್ರಾನುಗಳು. ಬೀಜದ ಸುತ್ತಣ ವಿಶಾಲವಾದ ಅವಕಾಶದಲ್ಲಿ ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳು ಪದರಪದರವಾಗಿ ಹರಡಿಕೊಂಡಿವೆ. ಯಾರೊಡನೆಯೂ ವ್ಯವಹರಿಸದೆ ಒಂಟಿಯಾಗಿರುವ ಪರಮಾಣುವಿನಲ್ಲಿ ಪ್ರೋಟಾನುಗಳೆಷ್ಟೋ ಎಲೆಕ್ಟ್ರಾನುಗಳೂ ಅಷ್ಟೆ. ಚಿನ್ನದಲ್ಲಿ ಎರಡೂ 79.

ಸಂಖ್ಯೆ ಎರಡೂ ಕಡೆ ಒಂದೇ ಆದಾಗ, ಧಾತುವಿನ ಗುರುತು ಯಾವುದರಲ್ಲಿದೆ ಎಂದು ಕೇಳುವುದು ಅನಾವಶ್ಯಕವೆಂದು ತೋರಬಹುದು. ಆದರೆ ಊಟದ ಎಲೆಯ ತುದಿಯಲ್ಲಿ ಬಡಿಸುವ ಉಪ್ಪನ್ನೇ ನೋಡಿ. ಅದರಲ್ಲಿರುವ ಸೋಡಿಯಮ್ಮಿಗೆ 11 ಪ್ರೋಟಾನುಗಳು. ಆದರೆ ಅದು ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಬಿಟ್ಟುಕೊಟ್ಟು ತನ್ನ ಬಳಿ ಹತ್ತನ್ನು ಮಾತ್ರ ಉಳಿಸಿಕೊಂಡಿದೆ. ದೀಪದ ಕೊಳವೆಗಳಲ್ಲಿ ಕೆಂಪಗೆ ಬೆಳಗುವ ನಿಯಾನ್ ಅನಿಲದ ಪರಮಾಣುವಿಗೂ ಇರುವುದು ಹತ್ತೇ ಎಲೆಕ್ಟ್ರಾನುಗಳು. ಎಲೆಕ್ಟ್ರಾನುಗಳ ಸಂಖ್ಯೆಯೇ ಹೆಸರನ್ನು ನಿರ್ಧರಿಸುವುದಾಗಿದ್ದರೆ ನಾವು ದಿನವೂ ನಿಯಾನನ್ನು ಉಣ್ಣುತ್ತಿದ್ದೆವೆಂದು ಹೇಳಬೇಕಾಗುತ್ತಿತ್ತು. ಹಾಗಲ್ಲ. ಎಲೆಕ್ಟ್ರಾನು ಬರುತ್ತದೆ, ಹೋಗುತ್ತದೆ. ಸೋಡಿಯಮ್ ಸೋಡಿಯಮ್ಮಾಗಿಯೇ ಉಳಿಯುತ್ತದೆ.

ಈ ವಿವೇಕ ಸುಲಭವಾಗಿ ದೊರೆಯಲಿಲ್ಲ. ಅದು ದೊರೆತ ದಾರಿಯಲ್ಲಿ ಹೆವೆಶಿಯವರೇ ಎರಡು ಬಾರಿ ನಡೆದಿದ್ದರು.

1911ರಲ್ಲಿ ತರುಣ ಹೆವೆಶಿ ಮ್ಯಾಂಚೆಸ್ಟರಿಗೆ ಹೋಗಿ ರುದರ್‌ಫರ್ಡ್ ಅವರ ಶಿಷ್ಯರಾದರು. ಅಲ್ಲಿ ಯುರೇನಿಯಮ್ ಅದಿರಿನಿಂದ ಬಂದ ನೂರಾರು ಕಿಲೋಗ್ರಾಮ್ ಸೀಸವಿತ್ತು. ಅದರಲ್ಲಿ ರೇಡಿಯಮ್-ಡಿ ಎಂಬ ವಿಕಿರಣಪಟು ವಸ್ತು ಬೆರೆತಿತ್ತು. ಸೀಸದಿಂದ ಅದನ್ನು ಬೇರ್ಪಡಿಸಿ ಕೊಡು ಎಂದರು ಗುರುಗಳು. ಹೆವೆಶಿ ತಮಗೆ ಗೊತ್ತಿದ್ದ ರಾಸಾಯನಿಕ ಉಪಾಯಗಳನ್ನೆಲ್ಲ ಪ್ರಯೋಗಿಸಿದರು. ಎರಡು ವರ್ಷಗಳ ಕಾಲ ಹೆಣಗಿದರೂ ಎಳ್ಳಷ್ಟೂ ಬೇರ್ಪಡಲಿಲ್ಲ. ಕಾರಣ ಈಗ ನಮಗೆ ಗೊತ್ತು: ರೇಡಿಯಮ್-ಡಿ ಎಂಬುದೂ ಸೀಸವೇ. ಎರಡರಲ್ಲಿಯೂ 82 ಪ್ರೋಟಾನುಗಳು. ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆ. ಇಂಥವನ್ನು ಸಮಸ್ಥಾನಿಗಳು ಎನ್ನುತ್ತೇವೆ. ಆವರ್ತ ಕೋಷ್ಟಕದಲ್ಲಿ ಅವಕ್ಕೆಲ್ಲ ಒಂದೇ ಸ್ಥಾನ. ನ್ಯೂಟ್ರಾನು ಹೆಚ್ಚಿದರೆ ತೂಕ ಹೆಚ್ಚುತ್ತದೆ, ಬೀಜ ಅಸ್ಥಿರವಾಗಬಹುದು, ಆದರೆ ಹೆಸರು ಬದಲಾಗುವುದಿಲ್ಲ.

ಸೋತವರು ಆ ಸೋಲನ್ನೇ ಸಾಧನವಾಗಿ ಮಾಡಿಕೊಂಡರು. ಎರಡು ಸೀಸಗಳೂ ಬಿಡಿಸಲಾರದಷ್ಟು ಒಂದೇ ಬಗೆಯಾಗಿ ನಡೆದುಕೊಳ್ಳುವುದಾದರೆ, ಸಾಮಾನ್ಯ ಸೀಸದಲ್ಲಿ ಚಿಟಿಕೆ ವಿಕಿರಣಪಟು ಸೀಸವನ್ನು ಬೆರೆಸಿ, ಅದು ಹೋದಲ್ಲೆಲ್ಲ ಅದರ ಜಾಡು ಹಿಡಿಯಬಹುದಲ್ಲವೆ? 1913ರಲ್ಲಿ ವಿಯೆನ್ನಾದಲ್ಲಿ ಫ್ರಿಟ್ಸ್ ಪಾನೆಟ್ ಅವರೊಡನೆ ಹೆವೆಶಿ ಈ ವಿಧಾನವನ್ನು ರೂಢಿಗೆ ತಂದರು. ಅವರ ಬಗ್ಗೆ ಹೇಳುವ ಒಂದು ವಿನೋದದ ಕಥೆಯೂ ಉಂಟು. ಮ್ಯಾಂಚೆಸ್ಟರಿನಲ್ಲಿ ಅವರು ಉಳಿದುಕೊಂಡಿದ್ದ ಮನೆಯೊಡತಿ ಭಾನುವಾರ ಎಲೆಯಲ್ಲಿ ಮಿಕ್ಕದ್ದನ್ನೇ ವಾರವೆಲ್ಲ ಬೇರೆಬೇರೆ ಹೆಸರಿನಲ್ಲಿ ಬಡಿಸುತ್ತಾಳೆಂದು ಅವರಿಗೆ ಗುಮಾನಿ. ಒಂದು ದಿನ ಮಿಕ್ಕ ಅಡಿಗೆಯಲ್ಲಿ ಸ್ವಲ್ಪ ವಿಕಿರಣಪಟು ವಸ್ತುವನ್ನು ಸೇರಿಸಿಟ್ಟು, ಮುಂದೆ ಬಡಿಸಿದ ಭಕ್ಷ್ಯವನ್ನು ಉಪಕರಣದಿಂದ ಪರೀಕ್ಷಿಸಿದರಂತೆ, ಗುಮಾನಿ ನಿಜವಾಯಿತಂತೆ. ಈ ಜಾಡು ಹಿಡಿಯುವ ವಿದ್ಯೆಗಾಗಿಯೇ ಅವರಿಗೆ 1943ರ ಸಾಲಿನ ನೊಬೆಲ್ ಬಹುಮಾನ ಬಂದಿತು. ಇಂದು ಆಸ್ಪತ್ರೆಗಳಲ್ಲಿ ಥೈರಾಯ್ಡ್ ಗ್ರಂಥಿಯ ಚಿಕಿತ್ಸೆಗೆ ವಿಕಿರಣಪಟು ಅಯೊಡಿನ್ನನ್ನು ಕೊಡುವುದೂ ಇದೇ ಸತ್ಯವನ್ನು ನಂಬಿ. ಗ್ರಂಥಿಗೆ ಈ ಅಯೊಡಿನ್ ಬೇರೆ, ಆ ಅಯೊಡಿನ್ ಬೇರೆ ಎಂಬ ಭೇದ ತಿಳಿಯದು. 53 ಪ್ರೋಟಾನುಗಳಿರುವುದನ್ನೆಲ್ಲ ಅದು ಅಯೊಡಿನ್ನೆಂದೇ ಬರಮಾಡಿಕೊಳ್ಳುತ್ತದೆ.

ಎಲೆಕ್ಟ್ರಾನಿನ ಎಣಿಕೆಯೂ ಅಲ್ಲ, ತೂಕವೂ ಅಲ್ಲ ಎಂದಮೇಲೆ ಗುರುತನ್ನು ಬೀಜದ ವಿದ್ಯುತ್ತಿನಲ್ಲೇ ಹುಡುಕಬೇಕು. ಆದರೆ ಅಷ್ಟು ಆಳದಲ್ಲಿರುವುದನ್ನು ಎಣಿಸುವುದು ಹೇಗೆ? ಅದನ್ನು ಸಾಧಿಸಿದವರು ಮ್ಯಾಂಚೆಸ್ಟರಿನ ಅದೇ ಪ್ರಯೋಗಾಲಯದಲ್ಲಿ ಹೆವೆಶಿಯವರ ಸಂಗಡಿಗರಾಗಿದ್ದ ಹೆನ್ರಿ ಮೋಸ್ಲಿ. ಪರಮಾಣುವಿನ ತೀರ ಒಳಗಿನ ಪದರದಿಂದ ಒಂದು ಎಲೆಕ್ಟ್ರಾನನ್ನು ಹೊಡೆದು ಹೊರದೂಡಿದರೆ, ಮೇಲಿನ ಪದರದಿಂದ ಇನ್ನೊಂದು ಆ ತೆರವಿಗೆ ಇಳಿಯುತ್ತದೆ. ಇಳಿಯುವಾಗ ಒಂದು ಎಕ್ಸ್-ಕಿರಣವನ್ನು ಸೂಸುತ್ತದೆ. ಬೀಜದಲ್ಲಿ ಪ್ರೋಟಾನುಗಳು ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಸೆಳೆತ ಹೆಚ್ಚಿದಷ್ಟೂ ಆ ಕಿರಣದ ಕಂಪನ ತೀವ್ರ. ಮೋಸ್ಲಿ 1913 ಮತ್ತು 1914ರಲ್ಲಿ ಒಂದಾದಮೇಲೊಂದು ಧಾತುವಿನ ಕಿರಣಗಳನ್ನು ಅಳೆದರು. ಕಂಪನಸಂಖ್ಯೆಯ ವರ್ಗಮೂಲ ಮೆಟ್ಟಿಲು ಹತ್ತಿದಂತೆ ಸಮಸಮನಾಗಿ ಏರುತ್ತ ಹೋಯಿತು. ಒಂದು ಧಾತುವಿಗೆ ಒಂದು ಮೆಟ್ಟಿಲು. ಅಲ್ಯೂಮಿನಿಯಮ್ಮಿನ 13ರಿಂದ ಹಿಡಿದು ಚಿನ್ನದ 79ರವರೆಗೆ ಅವರು ಮೆಟ್ಟಿಲುಗಳನ್ನು ಎಣಿಸಿ, ನಡುವೆ ಮೂರು ಬರಿದಾಗಿವೆ, ಅಲ್ಲಿ ಇನ್ನೂ ಕಾಣದ ಧಾತುಗಳಿರಬೇಕು ಎಂದರು. ನಿಕ್ಕಲ್ ಕೋಬಾಲ್ಟಿಗಿಂತ ಹಗುರವಾದರೂ ಕೋಷ್ಟಕದಲ್ಲಿ ಅದರ ಅನಂತರ ಏಕೆ ಬರಬೇಕೆಂಬ ಹಳೆಯ ಒಗಟೂ ಬಿಡಿಸಿತು: ಕೋಬಾಲ್ಟ್ 27, ನಿಕ್ಕಲ್ 28. ತೂಕದ ಕ್ರಮ ತಪ್ಪಬಹುದು. ಪ್ರೋಟಾನಿನ ಕ್ರಮ ತಪ್ಪುವುದಿಲ್ಲ. ನಮ್ಮ ಆಭರಣದಂಗಡಿಯ ಪೆಟ್ಟಿಗೆ ಮಾಡಿದ ಕೆಲಸವೂ ಇದೇ. ಅದು ಕಡಗದ ಮೇಲೆ ಎಕ್ಸ್-ಕಿರಣ ಬಿಟ್ಟು, ಮರಳಿ ಸೂಸಿದ ಕಿರಣಗಳನ್ನು ಓದಿ, ಇಷ್ಟು ಪಾಲು 79, ಇಷ್ಟು 47, ಇಷ್ಟು 29 ಎಂದು ಹೇಳಿತು. ಅಕ್ಕಸಾಲಿಗರ ಒರೆಗಲ್ಲು ಚಿನ್ನದ ನಡತೆಯನ್ನು ಪರೀಕ್ಷಿಸುತ್ತಿತ್ತು. ಈ ಯಂತ್ರ ಅದರ ಮೂಲದ ಅಂಕಿಯನ್ನೇ ಕೇಳುತ್ತದೆ.

ಮೋಸ್ಲಿ ಬದುಕಿದ್ದರೆ ಇನ್ನೇನು ಮಾಡುತ್ತಿದ್ದರೋ. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿದ ಅವರು 1915ರ ಆಗಸ್ಟ್ 10ರಂದು ಗಲಿಪೊಲಿಯಲ್ಲಿ ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ ಇಪ್ಪತ್ತೇಳು ವರ್ಷ.

ಅವರು ತೋರಿದ ದಾರಿಯನ್ನು ಹಿಡಿದು ಹೆವೆಶಿ ಎರಡನೆಯ ಸಲ ಈ ಕಥೆಯೊಳಗೆ ಬರುತ್ತಾರೆ. 72ನೆಯ ಧಾತು ಯಾವುದೆಂಬುದು ವಿವಾದದಲ್ಲಿತ್ತು. ಅದು ವಿರಳ ಭಸ್ಮಗಳೆಂಬ ಗುಂಪಿಗೆ ಸೇರಿದ್ದೆಂದು ಹಲವರ ನಂಬಿಕೆ. ಎಲೆಕ್ಟ್ರಾನುಗಳು ಪದರಗಳಲ್ಲಿ ತುಂಬುವ ಕ್ರಮವನ್ನು ಲೆಕ್ಕ ಹಾಕಿದ ಬೋರ್, ಇದರ ಹೊರಪದರ 40ನೆಯ ಧಾತುವಾದ ಜಿರ್ಕೋನಿಯಮ್ಮಿನ ಹೊರಪದರವನ್ನೇ ಹೋಲಬೇಕು, ಆದ್ದರಿಂದ ನಡತೆಯೂ ಅದರಂತೆಯೇ ಇರಬೇಕು ಎಂದರು. ಹೆವೆಶಿ ಮತ್ತು ಡರ್ಕ್ ಕಾಸ್ಟರ್ ಜಿರ್ಕೋನಿಯಮ್ ಅದಿರನ್ನೇ ಮೋಸ್ಲಿಯ ವಿಧಾನದಿಂದ ಪರೀಕ್ಷಿಸಿದರು. 72ರ ಗೆರೆಗಳು ಸ್ಪಷ್ಟವಾಗಿ ಕಂಡವು. ಕೋಪನ್‌ಹೇಗನ್ನಿನ ಲ್ಯಾಟಿನ್ ಹೆಸರಾದ ಹಾಫ್ನಿಯಾದಿಂದ ಅದಕ್ಕೆ ಹಾಫ್ನಿಯಮ್ ಎಂದು 1923ರಲ್ಲಿ ನಾಮಕರಣವಾಯಿತು.

ಇಲ್ಲಿ ಎಲೆಕ್ಟ್ರಾನಿನ ಪಾತ್ರವೂ ಪ್ರೋಟಾನಿನ ಪಾತ್ರವೂ ಅಕ್ಕಪಕ್ಕದಲ್ಲಿ ನಿಂತು ತೋರುತ್ತವೆ. ಹೊರಗಿನ ಎಲೆಕ್ಟ್ರಾನುಗಳ ಜೋಡಣೆ ಒಂದೇ ಆದದ್ದರಿಂದ ಜಿರ್ಕೋನಿಯಮ್ ಮತ್ತು ಹಾಫ್ನಿಯಮ್ ಅವಳಿಗಳಂತೆ ನಡೆದುಕೊಂಡು, ಅದೇ ಅದಿರಿನಲ್ಲಿ ರಸಾಯನವಿಜ್ಞಾನಿಗಳ ಕಣ್ಣಿಗೆ ಮಣ್ಣೆರಚಿದ್ದವು. ಆದರೂ ಅವು ಎರಡು ಬೇರೆ ಧಾತುಗಳು. ನಡುವೆ 32 ಪ್ರೋಟಾನುಗಳ ಅಂತರ. ಈ ಅಂತರ ಬರಿಯ ಪಾಂಡಿತ್ಯದ ಮಾತೆಂದು ತಿಳಿಯಬೇಡಿ. ನಮ್ಮ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಯುರೇನಿಯಮ್ ಇಂಧನವನ್ನು ತುಂಬಿಡುವುದು ಜಿರ್ಕೋನಿಯಮ್ ಮಿಶ್ರಲೋಹದ ಕೊಳವೆಗಳಲ್ಲಿ. ಆ ಲೋಹದ ಬೀಜ ನ್ಯೂಟ್ರಾನುಗಳನ್ನು ಬಹುಮಟ್ಟಿಗೆ ತಡೆಯದೆ ಬಿಟ್ಟುಬಿಡುತ್ತದೆ. ಹಾಫ್ನಿಯಮ್ಮಿನ ಬೀಜವಾದರೋ ಅದಕ್ಕಿಂತ ನೂರಾರು ಪಟ್ಟು ಹೆಚ್ಚಾಗಿ ಅವನ್ನು ನುಂಗಿಹಾಕುತ್ತದೆ. ಆದ್ದರಿಂದ ಹೈದರಾಬಾದಿನ ಅಣು ಇಂಧನ ಸಂಕೀರ್ಣದಲ್ಲಿ ಬಹಳ ಶ್ರಮದಿಂದ ಆ ಅವಳಿಯನ್ನು ಬೇರ್ಪಡಿಸಿ, ಶುದ್ಧವಾದ ಜಿರ್ಕೋನಿಯಮ್ಮನ್ನು ತೆಗೆಯುತ್ತಾರೆ. ಹೊರಗಿನ ನಡತೆ ಎಷ್ಟೇ ಒಂದಾಗಿದ್ದರೂ ಒಳಗಿನ ಎಣಿಕೆ ಬೇರೆಯಾದರೆ ಪರಿಣಾಮವೂ ಬೇರೆಯಾಗುತ್ತದೆ.

ಈಗ ಸೀಸೆಯೊಳಗಿನ ಪದಕಗಳಿಗೆ ಮರಳೋಣ. ರಾಜಜಲ ಮಾಡಿದ್ದೇನು? ಚಿನ್ನದ ಪ್ರತಿಯೊಂದು ಪರಮಾಣುವಿನಿಂದ ಮೂರು ಎಲೆಕ್ಟ್ರಾನುಗಳನ್ನು ಕಿತ್ತುಕೊಂಡಿತು; ಹಾಗೆ ಬಡವಾದ ಪರಮಾಣುವನ್ನು ಕ್ಲೋರಿನ್ನಿನ ಕಣಗಳು ಸುತ್ತುಗಟ್ಟಿ ನೀರಿನೊಳಕ್ಕೆ ಎಳೆದೊಯ್ದವು. ಹೊಳಪು, ಬಣ್ಣ, ಗಟ್ಟಿತನಗಳೆಲ್ಲ ಹೊರಗಿನ ಎಲೆಕ್ಟ್ರಾನುಗಳ ವ್ಯವಹಾರ. ಅವು ಹೋದೊಡನೆ ಇವೂ ಹೋದವು. 79 ಪ್ರೋಟಾನುಗಳ ಬೀಜವನ್ನು ಮುಟ್ಟಲು ಆ ಆಮ್ಲಕ್ಕೆ ಶಕ್ತಿ ಸಾಲದು. ಬೀಜವನ್ನು ಬಿಗಿದಿರುವ ಶಕ್ತಿ ರಾಸಾಯನಿಕ ಕ್ರಿಯೆಗಳ ಶಕ್ತಿಗಿಂತ ಹತ್ತು ಲಕ್ಷ ಪಟ್ಟಿನ ಪ್ರಮಾಣದ್ದು. ಆದ್ದರಿಂದ ಕಳೆದುಹೋದ ಎಲೆಕ್ಟ್ರಾನುಗಳನ್ನು ಮರಳಿ ಕೊಟ್ಟರೆ ಸಾಕು, ಚಿನ್ನ ಚಿನ್ನವಾಗಿ ತಳಕ್ಕಿಳಿಯುತ್ತದೆ. ನಮ್ಮ ಗ್ರಂದಿಗೆಯಂಗಡಿಯ ಅನ್ನಭೇದಿಗೂ ಆ ದಾನಶಕ್ತಿಯುಂಟು.

ನಡೆದದ್ದೂ ಹಾಗೆಯೇ. ಹೆವೆಶಿ 1943ರಲ್ಲಿ ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋಗಬೇಕಾಯಿತು. ಯುದ್ಧ ಮುಗಿದಾಗ ಸೀಸೆ ಇಟ್ಟಲ್ಲಿಯೇ ಇತ್ತು. ದ್ರವದಿಂದ ಚಿನ್ನವನ್ನು ಹೊರತೆಗೆದು ಸ್ಟಾಕ್‌ಹೋಮಿಗೆ ಕಳುಹಿಸಿದರು. ನೊಬೆಲ್ ಪ್ರತಿಷ್ಠಾನ ಅದರಿಂದಲೇ ಪದಕಗಳನ್ನು ಮತ್ತೆ ಅಚ್ಚು ಹಾಕಿಸಿತು. ಫ್ರಾಂಕ್ ತಮ್ಮದನ್ನು 1952ರಲ್ಲಿ ಮರಳಿ ಪಡೆದರು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹರಳುಗಳ ಮೂಲಕ ಹಾಯುವ ಎಕ್ಸ್-ಕಿರಣಗಳು ಹೇಗೆ ಚೆದರುತ್ತವೆಂದು ಕಂಡುಹಿಡಿದದ್ದಕ್ಕಾಗಿ ಲೌವೆ ಅವರಿಗೆ ಬಹುಮಾನ ಬಂದಿತ್ತು. ಮೋಸ್ಲಿ ಪ್ರೋಟಾನುಗಳನ್ನು ಎಣಿಸಲು ಸಾಧ್ಯವಾದದ್ದು ಆ ಶೋಧದಿಂದ. ಫ್ರಾಂಕ್ ಅವರು ಗುಸ್ತಾವ್ ಹರ್ಟ್ಸ್ ಅವರೊಡನೆ ಬಹುಮಾನ ಪಡೆದದ್ದು, ಎಲೆಕ್ಟ್ರಾನುಗಳು ಪರಮಾಣುಗಳನ್ನು ಡಿಕ್ಕಿ ಹೊಡೆದಾಗ ನಡೆಯುವ ವ್ಯವಹಾರದ ನಿಯಮಗಳಿಗಾಗಿ. ಒಂದು ಪದಕ ಬೀಜದ ಎಣಿಕೆಗೆ ದಾರಿ ಮಾಡಿದ್ದಕ್ಕೆ ಸಂದದ್ದು, ಇನ್ನೊಂದು ಎಲೆಕ್ಟ್ರಾನಿನ ವ್ಯವಹಾರಕ್ಕೆ. ಎರಡೂ ಒಂದೇ ದಿನ ಎಲೆಕ್ಟ್ರಾನುಗಳನ್ನು ಕಳೆದುಕೊಂಡು, ಪ್ರೋಟಾನುಗಳನ್ನು ಉಳಿಸಿಕೊಂಡು ಪಾರಾದವು.

ಹಾಗಾದರೆ ಧಾತುವಿನ ಗುರುತು ಎಂದೂ ಬದಲಾಗದೆ? ಬದಲಾಗುತ್ತದೆ, ಆದರೆ ಅದಕ್ಕೆ ಬೀಜಕ್ಕೇ ಕೈ ಹಾಕಬೇಕು. ಪಾದರಸವನ್ನು ಚಿನ್ನವಾಗಿಸಲು ಹಂಬಲಿಸಿದ ನಮ್ಮ ರಸವಾದಿಗಳು ಗುರಿಯನ್ನು ಆರಿಸಿಕೊಳ್ಳುವುದರಲ್ಲಿ ಎಡವಲಿಲ್ಲ. ಪಾದರಸದ ಸಂಖ್ಯೆ 80. ಚಿನ್ನಕ್ಕೂ ಅದಕ್ಕೂ ಒಂದೇ ಪ್ರೋಟಾನಿನ ವ್ಯತ್ಯಾಸ. ಅವರ ಬೆಂಕಿ, ಮೂಸೆ, ಮೂಲಿಕೆಗಳು ಎಲೆಕ್ಟ್ರಾನುಗಳ ಬಾಗಿಲಲ್ಲೇ ನಿಂತುಹೋದವು, ಅಷ್ಟೆ. 1941ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ವೇಗದ ನ್ಯೂಟ್ರಾನುಗಳಿಂದ ಪಾದರಸವನ್ನು ಹೊಡೆದು ಚಿನ್ನವನ್ನು ಪಡೆದರು. ಅದು ವಿಕಿರಣಪಟು ಚಿನ್ನ. ಬಹಳ ಕಾಲ ಚಿನ್ನವಾಗಿ ಉಳಿಯದೆ ಪಾದರಸಕ್ಕೇ ಮರಳುವಂಥದು. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸೀಸದ ಬೀಜಗಳು ಮಹಾವೇಗದಲ್ಲಿ ಒಂದನ್ನೊಂದು ಹಾಯುವಾಗ ಕೆಲವು ತಲಾ ಮೂರು ಪ್ರೋಟಾನುಗಳನ್ನು ಕಳೆದುಕೊಂಡು ಚಿನ್ನವಾಗುತ್ತವೆಂದು 2025ರಲ್ಲಿ ಪ್ರಕಟವಾಯಿತು. 2015ರಿಂದ 2018ರವರೆಗಿನ ಪ್ರಯೋಗಗಳಲ್ಲಿ ಹೀಗೆ ಹುಟ್ಟಿದ ಚಿನ್ನದ ಬೀಜಗಳು ಸುಮಾರು 8,600 ಕೋಟಿ. ಒಟ್ಟು ತೂಕ ಒಂದು ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ 29 ಪಾಲು. ಅವೂ ಕ್ಷಣಾರ್ಧದಲ್ಲಿ ಒಡೆದುಹೋದವು. ಮೂಗುಬೊಟ್ಟಿನ ಆಸೆ ಯಾರೂ ಇಟ್ಟುಕೊಳ್ಳಬೇಕಾಗಿಲ್ಲ.

ಒಂದು ಮಾತನ್ನು ಸೇರಿಸದಿದ್ದರೆ ಎಲೆಕ್ಟ್ರಾನಿಗೆ ಅನ್ಯಾಯವಾದೀತು. ಪ್ರೋಟಾನು ಹೆಸರನ್ನು ಕೊಡುತ್ತದೆ. ಆದರೆ ಲೋಕ ಆ ಹೆಸರಿಗೆ ಹಚ್ಚಿ ಪ್ರೀತಿಸುವ ಗುಣಗಳೆಲ್ಲ ಎಲೆಕ್ಟ್ರಾನಿನವು. ಹೂವಿನ ಬಣ್ಣ, ಬೆಂಕಿಯ ಬಿಸಿ, ಉಪ್ಪಿನ ರುಚಿ ಇವೆಲ್ಲ ಎಲೆಕ್ಟ್ರಾನುಗಳ ಕೊಡುಕೊಳೆಯಿಂದಲೇ. ಆ ಕೊಡುಕೊಳೆಗೆ ಮಿತಿಯನ್ನು ಹಾಕುವುದು ಮಾತ್ರ ನಡುವೆ ಮೌನವಾಗಿ ಕುಳಿತ ಪ್ರೋಟಾನುಗಳ ಸಂಖ್ಯೆ. ಎಷ್ಟು ಎಲೆಕ್ಟ್ರಾನುಗಳನ್ನು ಸಾಕಬೇಕು, ಯಾವುದನ್ನು ಬಿಗಿಹಿಡಿಯಬೇಕು, ಯಾವುದನ್ನು ಸುಲಭವಾಗಿ ಬಿಟ್ಟುಕೊಡಬಹುದು ಎಂಬುದೆಲ್ಲ ಆ ಸಂಖ್ಯೆಯಿಂದಲೇ ಹುಟ್ಟುತ್ತದೆ.

ಕಡಗ ಕರಗಿತು, ಅದರಿಂದ ಎರಡು ಬಳೆಗಳಾಗಿ ಮನೆಗೆ ಬಂದವು. ರೂಪ ಹೋಯಿತು, ಚಿನ್ನ ಉಳಿಯಿತು ಎಂದು ಉದ್ದಾಲಕ ಹೇಳಿಯಾನು. ಕೋಪನ್‌ಹೇಗನ್ನಿನ ಸೀಸೆಯಲ್ಲಿ ಚಿನ್ನದ ಲಕ್ಷಣಗಳೂ ಹೋಗಿ, ಎಣಿಕೆಯೊಂದೇ ಉಳಿದಿತ್ತು. ಹೋದುದೆಲ್ಲವೂ ಹಿಂದಿರುಗಿ ಬರಲು ಆ ಎಣಿಕೆಯೊಂದೇ ಸಾಕಾಯಿತು.

(ಬಾನುಲಿ ಭಾಷಣ)